ಬೇರಿಗೆ ನೆಂಟ, ಹುಳುವಿಗೆ ವೈರಿ



ರೇಷ್ಮೆ ಸಾಕುವ ಮನೆಯವರಿಗೆ ಸುಣ್ಣಕಟ್ಟು ರೋಗ ಅಂದರೇನು ಅಂತ ಬಿಡಿಸಿ ಹೇಳಬೇಕಾದ್ದಿಲ್ಲ. ಮಳೆಗಾಲದಲ್ಲೋ ಚಳಿಗಾಲದಲ್ಲೋ ಸಾಕುವ ಮನೆಯಲ್ಲಿ ಥಂಡಿ, ತೇವ ಹೆಚ್ಚಿತೆಂದರೆ, ನಿನ್ನೆಯವರೆಗೆ ಸರಸರನೆ ಸೊಪ್ಪು ಮೇಯುತ್ತಿದ್ದ ಹುಳು ಇಂದು ಮಂಕು ಹಿಡಿದು ಮಲಗುತ್ತದೆ. ಸತ್ತರೆ ಕೊಳೆಯುವುದಿಲ್ಲ, ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಒಂದೆರಡು ದಿನ ಕಳೆಯಿತೋ, ಮೈಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿಯ ಪುಡಿ. ಆ ಪುಡಿ ಹಾರಿದ ಕಡೆಗೆಲ್ಲ ರೋಗ. ಇಟಲಿ ದೇಶದ ರೇಷ್ಮೆಗಾರರೂ ಈ ರೋಗವನ್ನು ತಮ್ಮ ನುಡಿಯಲ್ಲಿ ಸುಣ್ಣದ ಹೆಸರಿನಿಂದಲೇ ಕರೆಯುತ್ತಿದ್ದರು. ಕಣ್ಣಿಗೆ ಕಂಡದ್ದು ಒಂದೇ ಆದ ಮೇಲೆ ಬಾಯಿಗೆ ಬರುವುದೂ ಒಂದೇ ತಾನೆ.

ಬೆಳೆಯ ಹುಳುವಿನ ಮಾತು ಹೇಳುತ್ತೇನೆಂದು ಕುಳಿತವರು ರೇಷ್ಮೆ ಹುಳುವಿನಿಂದ ಏಕೆ ಶುರುಮಾಡಿದಿರಿ ಎಂದು ನೀವು ಕೇಳಬಹುದು. ಕಾರಣ ಉಂಟು. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಗಿಡವನ್ನು ಹುಳುವಿನಿಂದ ಕಾಯಬಲ್ಲವು ಎಂಬ ತಿಳುವಳಿಕೆಗೆ ದಾರಿ ತೆರೆದದ್ದು ಇದೇ ರೋಗ. ಒಬ್ಬರ ಮನೆಯ ನಷ್ಟದಿಂದ ಇನ್ನೊಬ್ಬರ ಹೊಲಕ್ಕೆ ಮದ್ದು ಸಿಕ್ಕಿದ ಕತೆ ಇದು.

ಇಟಲಿಯ ಲೋದಿ ಎಂಬ ಊರಿನ ಹತ್ತಿರ ಅಗೋಸ್ತಿನೋ ಬಾಸಿ ಎಂಬಾತ 1773ರಲ್ಲಿ ಹುಟ್ಟಿದ. ಓದಿದ್ದು ಕಾನೂನು; ಮನಸ್ಸೆಲ್ಲ ಬೇಸಾಯದ ಮೇಲೆ. ಕಣ್ಣಿನ ದೃಷ್ಟಿ ಬೇರೆ ಮಂದ. ಇಂಥವನು 1807ರಿಂದ ಸುಮಾರು 28 ವರ್ಷ ಈ ಸುಣ್ಣಕಟ್ಟಿನ ಬೆನ್ನು ಹತ್ತಿದ. ಗಾಳಿ ಕೆಟ್ಟಿದೆ, ಸೊಪ್ಪು ಕೆಟ್ಟಿದೆ, ಹುಳುವಿನ ಒಳಗೇ ರೋಗ ತಾನಾಗಿ ಹುಟ್ಟುತ್ತದೆ ಅಂತ ಜನ ಬಗೆಬಗೆಯಾಗಿ ಹೇಳುತ್ತಿದ್ದ ಕಾಲ. ಸತ್ತ ಹುಳುವಿನ ಮೇಲಿನ ಬಿಳಿ ಪುಡಿಯನ್ನು ಒಳ್ಳೆಯ ಹುಳುವಿಗೆ ತಾಗಿಸಿದರೆ ಆ ಹುಳುವೂ ಹಾಗೆಯೇ ಸಾಯುತ್ತದೆ, ಅದರ ಮೈಮೇಲೂ ಅದೇ ಪುಡಿ ಬರುತ್ತದೆ ಎಂಬುದನ್ನು ಬಾಸಿ ತೋರಿಸಿಕೊಟ್ಟ. ಆ ಪುಡಿ ಬೇರೇನೂ ಅಲ್ಲ, ಒಂದು ಬಗೆಯ ಬೂಷ್ಟಿನ ಬೀಜ. ನಮ್ಮ ಉಪ್ಪಿನಕಾಯಿ ಜಾಡಿಯ ಮೇಲೆ, ಹಳಸಿದ ರೊಟ್ಟಿಯ ಮೇಲೆ ಬರುವ ಬೂಷ್ಟಿನ ಹಾಗೆಯೇ ಇದೂ ಒಂದು. ಇದಕ್ಕೆ ಮಾತ್ರ ಹುಳುವಿನ ಮೈಯೇ ರೊಟ್ಟಿ. 1835ರಲ್ಲಿ ಆತ ಇದನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಪಾಸ್ತರ್ ಮಹಾಶಯ ರೋಗಾಣುಗಳ ಮಾತು ಎತ್ತುವುದಕ್ಕೆ ಎಷ್ಟೋ ವರ್ಷ ಮೊದಲಿನ ಸಂಗತಿ ಇದು. ಆ ಬೂಷ್ಟಿಗೆ ಬಾಸಿಯ ಹೆಸರೇ ನಿಂತಿತು: ಬೊವೇರಿಯ ಬಾಸಿಯಾನ. ಇಂದು ಅಂಗಡಿಯ ಪೊಟ್ಟಣದ ಮೇಲೆ ಈ ಹೆಸರನ್ನು ನೀವು ಓದಿರಬಹುದು.

ರೇಷ್ಮೆ ಹುಳುವನ್ನು ಕೊಲ್ಲುವ ಬೂಷ್ಟು ಬೆಳೆ ತಿನ್ನುವ ಹುಳುವನ್ನು ಏಕೆ ಕೊಲ್ಲಬಾರದು? ಈ ಪ್ರಶ್ನೆಯನ್ನು ಹೊಲದಲ್ಲಿ ನಿಂತು ಕೇಳಿದವನು ಇಲ್ಯಾ ಮೆಚ್ನಿಕಾಫ್. ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಪಟ್ಟಣದಲ್ಲಿ ಪಾಠ ಹೇಳುತ್ತಿದ್ದವನು. ಆಗ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನ್ ದೇಶಕ್ಕೆ ಸೇರಿದ್ದು. ಅಲ್ಲಿಯ ಗೋಧಿಗೆ ಒಂದು ಜಾತಿಯ ದುಂಬಿ ಬಿದ್ದಿತ್ತು. ದುಂಬಿ ಮೇಲೆ ತೆನೆ ತಿನ್ನುವುದು, ಅದರ ಮರಿ ನಮ್ಮ ಗೊಣ್ಣೆಹುಳುವಿನ ಹಾಗೆ ಮಣ್ಣಿನೊಳಗಿರುವುದು. ಮೆಚ್ನಿಕಾಫ್ ಮಣ್ಣು ಕೆದಕಿಸಿ ನೋಡಿದರೆ, ಕೆಲವು ಹುಳು ಸತ್ತು ಸೆಟೆದು ಮೈಮೇಲೆ ಪಾಚಿಯಂತೆ ಹಸುರು ಬೂಷ್ಟು ಹೊತ್ತಿದ್ದವು. 1879ರಲ್ಲಿ ಆತ ಇದರ ವಿವರ ಪ್ರಕಟಿಸಿದ. ಆ ಬೂಷ್ಟನ್ನು ಬೀರು ಮಾಡುವ ಧಾನ್ಯದ ಗಂಜಿಯಲ್ಲಿ ಬೆಳೆಸಬಹುದೆಂದೂ ತೋರಿಸಿದ. ಇದು ಸಣ್ಣ ಮಾತಲ್ಲ. ಹುಳುವಿನ ಮೈಯಲ್ಲೇ ಬೆಳೆಯಬೇಕಾದರೆ ಹಿಡಿಯಷ್ಟು ಸಿಕ್ಕೀತು. ಗಂಜಿಯಲ್ಲಿ ಬೆಳೆದರೆ ಮಣಗಟ್ಟಲೆ ಮಾಡಬಹುದು. 1884ರಲ್ಲಿ ಕ್ರಾಸಿಲ್ಷಿಕ್ ಎಂಬಾತ ಸ್ಮೇಲಾ ಎಂಬ ಊರಿನಲ್ಲಿ ಇದನ್ನು ತಯಾರಿಸುವ ಒಂದು ಕಾರ್ಖಾನೆಯನ್ನೇ ನಡೆಸಿದ, ಸಕ್ಕರೆ ಬೀಟು ತಿನ್ನುವ ಮೂತಿಹುಳುವಿಗಾಗಿ. ಆ ಹಸುರು ಬೂಷ್ಟಿಗೆ ಈಗ ಮೆಟಾರೈಜಿಯಮ್ ಎಂದು ಹೆಸರು. ಮೆಚ್ನಿಕಾಫನಿಗೆ 1908ರಲ್ಲಿ ನೊಬೆಲ್ ಬಹುಮಾನ ಬಂತು, ಆದರೆ ಅದು ಬೇರೆ ಕೆಲಸಕ್ಕೆ, ಮನುಷ್ಯನ ರಕ್ತದ ಕಣಗಳು ರೋಗಾಣುಗಳನ್ನು ನುಂಗುವ ಬಗೆ ತೋರಿಸಿದ್ದಕ್ಕೆ.

ಈ ಬೂಷ್ಟು ಕೊಲ್ಲುವ ರೀತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಹುಳು ತಿನ್ನಬೇಕಾಗಿಲ್ಲ. ಬೀಜ ಹುಳುವಿನ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ತೇವ ಸಿಕ್ಕಿದರೆ ಮೊಳೆಯುತ್ತದೆ, ಚರ್ಮವನ್ನು ಕರಗಿಸಿ ಕೊರೆದು ಒಳಗೆ ಇಳಿಯುತ್ತದೆ, ಒಳಗಿನ ರಸದಲ್ಲಿ ಬೆಳೆಯುತ್ತದೆ. ಹುಳು ಸಾಯಲು ಒಂದು ವಾರದ ಮೇಲೆ ಕೆಳಗೆ ಬೇಕು. ಆಮೇಲೆ ಹೊರಗೆ ಬಂದು ಮತ್ತೆ ಬೀಜ ಚೆಲ್ಲುತ್ತದೆ. ಇವತ್ತು ಹಾಕಿ ನಾಳೆ ಬೆಳಿಗ್ಗೆ ಸತ್ತ ಹುಳು ಎಣಿಸುತ್ತೇನೆ ಅನ್ನುವವರಿಗೆ ಇದು ಹೇಳಿಸಿದ್ದಲ್ಲ.

ತೆಂಗಿನವರಿಗೆ ಬೇಕಾದ ಸಂಗತಿಯೂ ಈ ಚರಿತ್ರೆಯಲ್ಲಿದೆ. ಸುಳಿ ಕೊರೆಯುವ ಕೊಂಬಿನ ದುಂಬಿ ನಮ್ಮ ಕಡೆಯ ಹಳೆಯ ಪೀಡೆ. ಅದು 1909ರ ಸುಮಾರಿಗೆ ಸಿಂಹಳದಿಂದ ಹೊರಟ ರಬ್ಬರ್ ಸಸಿಗಳ ಜೊತೆ ಹಡಗು ಹತ್ತಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪ ಸೇರಿತು. ಅಲ್ಲಿ ಅದಕ್ಕೆ ವೈರಿಗಳಿರಲಿಲ್ಲ, ತೋಟಗಳು ಹಾಳಾದವು. ದ್ವೀಪ ಆಗ ಜರ್ಮನರ ಕೈಯಲ್ಲಿತ್ತು. ಫ್ರೀಡರಿಕ್ಸ್ ಎಂಬ ಜರ್ಮನ್ ಪಂಡಿತ ಒಂದು ಉಪಾಯ ಮಾಡಿದ: ಕೊಳೆತ ಕಸಕಡ್ಡಿಯ ರಾಶಿ ಹಾಕಿ, ಅದರಲ್ಲಿ ಮೆಟಾರೈಜಿಯಮ್ ಬೂಷ್ಟು ಬೆರೆಸಿಟ್ಟ. ದುಂಬಿ ಮೊಟ್ಟೆ ಇಡಲು ತಾನಾಗಿ ಅಲ್ಲಿಗೆ ಬರಬೇಕು, ಬಂದು ರೋಗ ಹತ್ತಿಸಿಕೊಳ್ಳಬೇಕು. ಹುಳು ಇದ್ದಲ್ಲಿಗೆ ಮದ್ದು ಹೊರುವುದಲ್ಲ, ಮದ್ದು ಇದ್ದಲ್ಲಿಗೆ ಹುಳುವನ್ನು ಬರಮಾಡಿಕೊಳ್ಳುವುದು. ಇದರಲ್ಲಿ ಬುದ್ಧಿವಂತಿಕೆ ಇದೆ ಎಂದು ನನಗೆ ತೋರುತ್ತದೆ.

ಎಲ್ಲ ಕಡೆಯೂ ಹೀಗೆ ಸಾಗಲಿಲ್ಲ. ಅಮೆರಿಕದ ಕಾನ್ಸಾಸ್ ಸೀಮೆಯಲ್ಲಿ ಗೋಧಿ, ಜೋಳದ ರಸ ಹೀರುವ ತಿಗಣೆ ಜಾತಿಯ ಕೀಟವೊಂದು ಕಾಡುತ್ತಿತ್ತು. ಅಲ್ಲಿಯ ವಿಶ್ವವಿದ್ಯಾನಿಲಯದ ಮುಖ್ಯಸ್ಥ ಫ್ರಾನ್ಸಿಸ್ ಸ್ನೋ 1890ರ ದಶಕದಲ್ಲಿ ಬಿಳಿ ಬೂಷ್ಟನ್ನು ಸಾವಿರಾರು ರೈತರಿಗೆ ಹಂಚಿದ. ರೈತರು ಪೆಟ್ಟಿಗೆಯಲ್ಲಿ ಜೀವಂತ ಕೀಟ ಕಳಿಸುವುದು, ಅವರು ರೋಗ ಹತ್ತಿದ ಕೀಟ ವಾಪಸು ಕಳಿಸುವುದು. ಸರ್ಕಾರ ಹಣ ಕೊಟ್ಟಿತು, ಪತ್ರಿಕೆಗಳು ಕೊಂಡಾಡಿದವು. ಆಮೇಲೆ ಬಿಲ್ಲಿಂಗ್ಸ್, ಗ್ಲೆನ್ ಎಂಬ ಇಬ್ಬರು ಹೊಲಗಳಲ್ಲಿ ಓಡಾಡಿ ಪರೀಕ್ಷೆ ಮಾಡಿ 1911ರಲ್ಲಿ ವರದಿ ಕೊಟ್ಟರು. ಏನು ತಿಳಿಯಿತು ಅಂತೀರಿ? ಆ ಬೂಷ್ಟು ಅಲ್ಲಿಯ ಹೊಲಗಳಲ್ಲಿ ಮೊದಲೇ ಇತ್ತು. ತೇವವಿದ್ದ ವರ್ಷ ತಾನೇ ಎದ್ದು ಕೀಟವನ್ನು ಕೊಲ್ಲುತ್ತಿತ್ತು. ಒಣ ವರ್ಷದಲ್ಲಿ ಎಷ್ಟು ತಂದು ಸುರಿದರೂ ಏಳುತ್ತಿರಲಿಲ್ಲ. ಇದ್ದ ಕಡೆಗೇ ಮತ್ತೆ ಹೊತ್ತು ಹಾಕಿದ್ದರು. ಈ ವರದಿಯಿಂದ ಬೂಷ್ಟಿನ ಹೆಸರು ಕೆಟ್ಟಿತು. ಹೆಸರು ಕೆಡಬೇಕಾಗಿರಲಿಲ್ಲ, ಹೊಲದಲ್ಲಿ ಕಾವಲುಗಾರ ಮೊದಲೇ ಇದ್ದಾನೆ ಎಂಬುದನ್ನು ಅದು ಸಾರಿ ಹೇಳಿತ್ತು. ಆದರೆ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಡಿ.ಡಿ.ಟಿ.ಯ ಗುಣ ಕಂಡುಹಿಡಿದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಪುಡಿ ಹೊಲಕ್ಕೆ ಬಂತು, ಹಿಂದೆಯೇ ಬಿ.ಎಚ್.ಸಿ. ಬಂತು. ನಮ್ಮ ಹಳ್ಳಿಗಳಲ್ಲಿ ಬಿ.ಎಚ್.ಸಿ. ಪುಡಿಯ ವಾಸನೆ ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಭಾರತದಲ್ಲಿ ಬೇಸಾಯಕ್ಕೆ ಡಿ.ಡಿ.ಟಿ. 1989ರಲ್ಲಿ, ಬಿ.ಎಚ್.ಸಿ. 1997ರಲ್ಲಿ ನಿಂತವು. ನಡುವಿನ ಇಷ್ಟು ವರ್ಷ ಮಣ್ಣಿನ ಜೀವಿಗಳ ಮಾತು ಮೂಲೆಗೆ ಬಿತ್ತು.

ಇನ್ನು ಕತೆಯ ಎರಡನೆಯ ಭಾಗ. ಇಲ್ಲಿಯವರೆಗೆ ಹೇಳಿದ್ದು ಹುಳುವನ್ನು ನೇರವಾಗಿ ಕೊಲ್ಲುವ ಜೀವಿಗಳ ವಿಷಯ. ಹುಳುವನ್ನು ಮುಟ್ಟದೆ, ಬೇರಿನ ಬಳಿ ಕುಳಿತೇ ಎಲೆಗೆ ಬಲ ತುಂಬುವ ಜೀವಿಗಳೂ ಇವೆ ಎಂದರೆ ನಂಬುತ್ತೀರಾ? ವಿಜ್ಞಾನಿಗಳೇ ಬಹುಕಾಲ ಇದನ್ನು ಕಂಡಿರಲಿಲ್ಲ.

ಗಿಡ ತಾನು ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನೆಲ್ಲ ತಾನೇ ಉಣ್ಣುವುದಿಲ್ಲ. ಒಂದು ಪಾಲನ್ನು ಬೇರಿನ ಮೂಲಕ ಮಣ್ಣಿಗೆ ಬಿಡುತ್ತದೆ. ಆ ಊಟಕ್ಕೆ ಸುತ್ತಣ ಮಣ್ಣಿನ ಜೀವಿಗಳು ನೆರೆಯುತ್ತವೆ. ಬೇರಿಗೆ ಅಂಟಿದ ಈ ಮಣ್ಣು ಬರಿಯ ಮಣ್ಣಲ್ಲ, ಅದಕ್ಕೊಂದು ಬೇರೆ ಹೆಸರೇ ಬೇಕು ಎಂದು 1904ರಲ್ಲಿ ಜರ್ಮನಿಯ ಲೊರೆನ್ಸ್ ಹಿಲ್ಟ್‌ನರ್ ಹೇಳಿದ. ಅದಕ್ಕೂ ಮೊದಲು, 1885ರಲ್ಲಿ, ಆ ದೇಶದವನೇ ಆದ ಫ್ರಾಂಕ್ ಎಂಬಾತ ಮರದ ಬೇರಿನೊಡನೆ ಹೆಣೆದುಕೊಂಡು ಬದುಕುವ ಬೂಷ್ಟನ್ನು ಕಂಡು ಅದಕ್ಕೆ 'ಬೇರುಬೂಷ್ಟು' ಎಂಬ ಅರ್ಥದ ಮೈಕೊರೈಜ ಎಂಬ ಹೆಸರು ಕೊಟ್ಟಿದ್ದ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ಗಿಡಕ್ಕೆ ರಂಜಕ ಒದಗಿಸುವ ಇಂಥ ಬೂಷ್ಟುಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. 1978ರಲ್ಲಿ ಅಮೆರಿಕದ ಕ್ಲೋಪರ್ ಮತ್ತು ಶ್ರೋತ್ ಮೂಲಂಗಿಯ ಬೇರಿನ ಮೇಲಿನ ಕೆಲವು ಬ್ಯಾಕ್ಟೀರಿಯಗಳು ಗಿಡವನ್ನು ಹುಲುಸಾಗಿ ಬೆಳೆಸುತ್ತವೆ ಎಂದು ತೋರಿಸಿದರು. ಇವೆಲ್ಲ ಊಟದ, ಬೆಳವಣಿಗೆಯ ಮಾತು. ಕಾವಲಿನ ಮಾತು ಬಂದದ್ದು 1991ರಲ್ಲಿ.

ಆ ವರ್ಷ ಹಾಲೆಂಡಿನವರು ಕಾರ್ನೇಷನ್ ಹೂಗಿಡದ ಬೇರಿಗೆ ಒಳ್ಳೆಯ ಬ್ಯಾಕ್ಟೀರಿಯ ಹಾಕಿ, ಸೊರಗು ರೋಗದ ಬೂಷ್ಟನ್ನು ಕಾಂಡಕ್ಕೆ ಚುಚ್ಚಿದರು. ಒಂದು ಕೆಳಗೆ, ಒಂದು ಮೇಲೆ. ಎರಡೂ ಮುಖಾಮುಖಿ ಆಗಲೇ ಇಲ್ಲ. ಆದರೂ ರೋಗ ಕಡಿಮೆಯಾಯಿತು. ಹಾಗಾದರೆ ರೋಗವನ್ನು ತಡೆದವರು ಯಾರು? ಗಿಡವೇ! ಬೇರಿನ ಬಳಿಯ ಅತಿಥಿ ಗಿಡವನ್ನು ಎಚ್ಚರಿಸಿತ್ತು, ಅಷ್ಟೆ. ಅದೇ ವರ್ಷ ಅಮೆರಿಕದ ಅಲಬಾಮಾದಲ್ಲಿ ಕ್ಲೋಪರ್ ಮತ್ತು ಅವರ ಜೊತೆಗಾರರು ಸೌತೆಗಿಡದ ಎಲೆರೋಗದಲ್ಲಿ ಇದನ್ನೇ ಕಂಡರು.

ಹುಳುವಿನ ಸರದಿ ಬಂದದ್ದು ಅದೇ ಸೌತೆಯಲ್ಲಿ, 1997ರಲ್ಲಿ. ಇದನ್ನು ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು. ಸೌತೆಕಾಯಿ ಕೆಲವು ಸಲ ಕಹಿ ಬರುತ್ತದಲ್ಲ, ತೊಟ್ಟಿನ ಕಡೆ ಕತ್ತರಿಸಿ ಉಜ್ಜಿ ನೊರೆ ತೆಗೆಯುತ್ತೀರಿ. ಆ ಕಹಿ ಗಿಡದ ಆಯುಧ; ಎಷ್ಟೋ ಪ್ರಾಣಿಗಳು ಅದಕ್ಕೆ ಹೆದರಿ ದೂರ ಹೋಗುತ್ತವೆ. ಆದರೆ ಅಮೆರಿಕದ ಸೌತೆ ದುಂಬಿಗೆ ಅದೇ ಕಹಿ ಅಂದರೆ ಬಲು ಇಷ್ಟ, ನಮ್ಮ ಕಡೆ ಕುಂಬಳ, ಸೌತೆಯ ಎಳೆ ಎಲೆ ತೂತು ಮಾಡುವ ಕೆಂಪು ದುಂಬಿಗೂ ಆ ಕಹಿಯ ಚಟ ಉಂಟು, ಎರಡೂ ಒಂದೇ ಕುಲದವು. ಅಲಬಾಮಾದವರು ಒಳ್ಳೆಯ ಬ್ಯಾಕ್ಟೀರಿಯ ಸೇರಿಸಿದ ಸೌತೆಗಿಡ, ಸೇರಿಸದ ಗಿಡ ಎರಡನ್ನೂ ಪಕ್ಕಪಕ್ಕ ಬೆಳೆದು ನೋಡಿದರು. ಬ್ಯಾಕ್ಟೀರಿಯ ಇದ್ದ ಗಿಡದಲ್ಲಿ ಆ ಕಹಿ ಕಡಿಮೆ. ದುಂಬಿ ತಿಂದದ್ದೂ ಕಡಿಮೆ. ದುಂಬಿ ಹೊತ್ತು ತರುವ ಸೊರಗು ರೋಗವೂ ಅದರಿಂದ ಇಳಿಯಿತು. ವೈರಿಗೆ ರುಚಿಸುವ ಪದಾರ್ಥವನ್ನು ಗಿಡ ಬಡಿಸುವುದನ್ನೇ ಕಡಿಮೆ ಮಾಡಿತು ಎನ್ನಿ.

ಇದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಗಿಡ ಕೈಯೆತ್ತುತ್ತದೆ. 1972ರಲ್ಲೇ ಅಮೆರಿಕದ ಗ್ರೀನ್ ಮತ್ತು ರಯಾನ್ ಎಂಬವರು ಆಲೂಗೆಡ್ಡೆ, ಟೊಮಾಟೊ ಗಿಡಗಳಲ್ಲಿ ಒಂದು ಸೋಜಿಗ ಕಂಡಿದ್ದರು: ದುಂಬಿ ಒಂದು ಎಲೆ ಕಡಿದರೆ ಸಾಕು, ಕಡಿಯದ ಎಲೆಗಳಲ್ಲೂ ಹುಳುವಿನ ಜೀರ್ಣಶಕ್ತಿ ಕೆಡಿಸುವ ಪದಾರ್ಥ ಸೇರತೊಡಗುತ್ತದೆ. ತಿಂದದ್ದು ಮೈಗೆ ಹತ್ತದೆ ಹುಳು ಸೊರಗುತ್ತದೆ. ಈ ಸುದ್ದಿಯನ್ನು ಎಲೆಯಿಂದ ಎಲೆಗೆ ಮುಟ್ಟಿಸುವ ಕೆಲಸದಲ್ಲಿ ಜಾಸ್ಮೋನಿಕ್ ಆಮ್ಲ ಎಂಬ ಪದಾರ್ಥದ ಪಾತ್ರ ದೊಡ್ಡದು. ಅದರ ಬಳಗದ್ದೊಂದು 1962ರಲ್ಲಿ ಜಾಜಿ ಹೂವಿನ ಎಣ್ಣೆಯಲ್ಲಿ ಸಿಕ್ಕಿದ್ದರಿಂದ ಆ ಹೆಸರು. ನೀವು ಮುಡಿಯುವ ಹೂವಿನ ಪರಿಮಳದಲ್ಲೇ ಗಿಡದ ತುತ್ತೂರಿ ಅಡಗಿದೆ ನೋಡಿ.

ಬೇರಿನ ಬ್ಯಾಕ್ಟೀರಿಯ ಏನು ಮಾಡುತ್ತದೆ ಎಂದರೆ, ಗಿಡ ಆ ತುತ್ತೂರಿಗೆ ಬೇಗ ಓಗೊಡುವಂತೆ ಮಾಡುತ್ತದೆ. ಹಗಲಿರುಳೂ ಆಯುಧ ಹಿಡಿದು ನಿಂತರೆ ಗಿಡಕ್ಕೆ ಬೆಳೆಯಲು ಶಕ್ತಿ ಉಳಿಯದು. ಹಿಂದೆ ರಾತ್ರಿ ಅಡಿಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದರಲ್ಲ, ಸೌದೆ ಖರ್ಚಾಗದು, ಬೆಳಿಗ್ಗೆ ಒಂದು ಊದಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಗಿಡದ ಸಿದ್ಧತೆಯೂ ಹಾಗೆಯೇ. ಹುಳು ಬಾಯಿ ಹಾಕಿದ ಮೇಲೆ ಬೆಂಕಿ.

2013ರಲ್ಲಿ ಬ್ರಿಟನ್ನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹುರುಳಿ ಜಾತಿಯ ಬೀನ್ಸ್ ಗಿಡಗಳ ಬೇರುಗಳನ್ನು ಬೇರುಬೂಷ್ಟಿನ ಎಳೆಗಳು ಜೋಡಿಸುವಂತೆ ಬೆಳೆಸಿ, ಒಂದು ಗಿಡಕ್ಕೆ ಗಿಡಹೇನು ಬಿಟ್ಟರು. ಎಳೆಯ ಸಂಪರ್ಕವಿದ್ದ ಪಕ್ಕದ ಗಿಡ ಹೇನು ಬರುವ ಮೊದಲೇ ಹೇನಿಗೆ ಒಗ್ಗದ ವಾಸನೆ ಬಿಡತೊಡಗಿತು; ಹೇನಿನ ವೈರಿಯಾದ ಸಣ್ಣ ಕಣಜಕ್ಕೆ ಅದೇ ವಾಸನೆ ಕರೆಯೋಲೆ. ಸಂಪರ್ಕವಿಲ್ಲದ ಗಿಡಕ್ಕೆ ಸುದ್ದಿ ಮುಟ್ಟಲಿಲ್ಲ. ಇದು ಪ್ರಯೋಗದ ಮಣ್ಣಿನಲ್ಲಿ ನಡೆದದ್ದು. ಎಲ್ಲ ಹೊಲದಲ್ಲೂ ಹೀಗೇ ಆಗುತ್ತದೆ ಎಂದು ಹೇಳಹೊರಟರೆ ತಪ್ಪಾದೀತು. ಒಳ್ಳೆಯ ಬ್ಯಾಕ್ಟೀರಿಯವೇ ಗಿಡಹೇನಿಗೆ ಅನುಕೂಲ ಮಾಡಿಕೊಟ್ಟದ್ದನ್ನೂ ಹಾಲೆಂಡಿನವರು 2012ರಲ್ಲಿ ಒಂದು ಜಾತಿಯ ಗಿಡದಲ್ಲಿ ಕಂಡಿದ್ದಾರೆ. ಎಲೆ ಕಡಿಯುವ ಹುಳುವಿನ ಮೇಲೆ ಈ ಕಾವಲು ನಡೆದಷ್ಟು ರಸ ಹೀರುವ ಹುಳುವಿನ ಮೇಲೆ ಯಾವಾಗಲೂ ನಡೆಯದು.

ಈಗ ಮೆಚ್ನಿಕಾಫನ ಹಸುರು ಬೂಷ್ಟಿಗೆ ಮರಳೋಣ. ನೂರಿಪ್ಪತ್ತು ವರ್ಷ ಅದನ್ನು ಎಲ್ಲರೂ ಹುಳು ಕೊಲ್ಲುವ ಮದ್ದೆಂದೇ ತಿಳಿದಿದ್ದರು. ಹುಳು ಸಿಗದ ದಿನಗಳಲ್ಲಿ ಅದು ಎಲ್ಲಿ ಇರುತ್ತದೆ, ಏನು ಉಣ್ಣುತ್ತದೆ ಎಂದು ಕೇಳಿದವರು ಕಡಿಮೆ. 2002ರಲ್ಲಿ ಅಮೆರಿಕದ ಒಂದು ಕೋಸಿನ ಹೊಲದಲ್ಲಿ ನೋಡಿದಾಗ, ಬರಿಯ ಮಣ್ಣಿಗಿಂತ ಕೋಸಿನ ಬೇರಿನ ಸುತ್ತ ಅದು ಚೆನ್ನಾಗಿ ಬದುಕಿತ್ತು. 2012ರಲ್ಲಿ ಕೆನಡಾದ ಬ್ರಾಕ್ ವಿಶ್ವವಿದ್ಯಾನಿಲಯದವರು ಇನ್ನೂ ದೊಡ್ಡ ಗುಟ್ಟು ಬಿಡಿಸಿದರು. ಗುರುತು ಹಾಕಿದ ಸಾರಜನಕವನ್ನು ಹುಳುವಿನ ಮೈಗೆ ಸೇರಿಸಿ, ಆ ಹುಳುವನ್ನು ಬೀನ್ಸ್ ಗಿಡದ ಪಕ್ಕ ಮಣ್ಣಿನಲ್ಲಿ ಇಟ್ಟರು. ನಡುವೆ ಬೇರು ದಾಟಲಾರದ, ಬೂಷ್ಟಿನ ಎಳೆ ಮಾತ್ರ ದಾಟಬಲ್ಲ ಸಣ್ಣ ಜಾಲರಿ. ಬೂಷ್ಟು ಹುಳುವನ್ನು ಕೊಂದು, ಅದರ ಸಾರಜನಕವನ್ನು ಜಾಲರಿ ದಾಟಿಸಿ ಗಿಡಕ್ಕೆ ಒಪ್ಪಿಸಿತ್ತು! ಬೇರು ತಿನ್ನಲು ಬಂದ ಹುಳುವೇ ಬೇರಿಗೆ ಗೊಬ್ಬರ. ಗಿಡ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದಿಲ್ಲ, ತನ್ನ ಸಕ್ಕರೆಯಲ್ಲಿ ಬೂಷ್ಟಿಗೂ ಪಾಲು ಕೊಡುತ್ತದೆ ಎಂಬುದನ್ನು ಅದೇ ಬಳಗದವರು 2017ರಲ್ಲಿ ತೋರಿಸಿದರು.

ಇಷ್ಟು ಕೇಳಿದ ಮೇಲೆ ನಮ್ಮ ಹೊಲಕ್ಕೆ ಏನು ಅಂತ ಕೇಳುತ್ತೀರಿ. ಮೆಟಾರೈಜಿಯಮ್, ಬೊವೇರಿಯ, ಸ್ಯೂಡೋಮೊನಾಸ್ ಎಂಬ ಹೆಸರಿನ ಪುಡಿಗಳು ಈಗ ಮಾರಾಟಕ್ಕೆ ಸಿಗುತ್ತವೆ. ಇವು ಜೀವವಿರುವ ಸರಕು. ಬಿಸಿಲಿಗೆ ಕಾದ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಪೊಟ್ಟಣದಲ್ಲಿ ಪುಡಿ ಇರುತ್ತದೆ, ಜೀವ ಇರುವುದಿಲ್ಲ. ತಾರೀಖು ನೋಡಿ ಕೊಳ್ಳಿ. ಬೂಷ್ಟು ರೋಗದ ಔಷಧಿಯ ಜೊತೆ ಮೆಟಾರೈಜಿಯಮ್ಮನ್ನೋ ಬೊವೇರಿಯವನ್ನೋ ಬೆರೆಸಿದರೆ ಕಾವಲುಗಾರನನ್ನೇ ಕೊಂದಂತೆ. ಕಬ್ಬಿನ ಗೊಣ್ಣೆಹುಳುವಿಗೆ, ಅಡಿಕೆಯ ಬೇರುಹುಳುವಿಗೆ ಹಾಕುವವರು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಮಣ್ಣು ಹದವಾಗಿ ತೇವವಿರುವಾಗ, ಹುಳು ಇನ್ನೂ ಸಣ್ಣದಿರುವಾಗಲೇ ಬೇರಿನ ಹತ್ತಿರ ಸೇರಿಸಬೇಕು. ಒಣ ಮಣ್ಣಿಗೆ ಹಾಕಿದರೆ ಕಾನ್ಸಾಸಿನವರಿಗೆ ಆದದ್ದೇ ನಮಗೂ ಆಗುತ್ತದೆ. ಪ್ರಮಾಣ ಎಷ್ಟೆಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬೆಳೆಯ ಹೆಸರು ಹೇಳಿ ಕೇಳಿಕೊಳ್ಳಿ.

ರೇಷ್ಮೆ ಸಾಕುವ ಊರಿನವರು ಮಾತ್ರ ಈ ಬೂಷ್ಟುಗಳಿಗೆ ಕೈ ಹಚ್ಚುವ ಮೊದಲು ನಿಲ್ಲಬೇಕು. ಬೊವೇರಿಯ ಎಂದರೆ ಸುಣ್ಣಕಟ್ಟಿನ ಬೂಷ್ಟೇ. ಹಸುರು ಬೂಷ್ಟೂ ರೇಷ್ಮೆ ಹುಳುವನ್ನು ಬಿಡುವುದಿಲ್ಲ. ಹಿಪ್ಪುನೇರಳೆ ತೋಟದಲ್ಲಾಗಲಿ, ಅದರ ಬದುವಿನ ಹೊಲದಲ್ಲಾಗಲಿ ಇವನ್ನು ಬಳಸತಕ್ಕದ್ದಲ್ಲ. ನಿಮ್ಮ ಮನೆಯಲ್ಲಿ ಹುಳು ಸಾಕದಿದ್ದರೂ ಪಕ್ಕದ ಹೊಲದವರು ಸಾಕುತ್ತಿರಬಹುದು. ಅವರನ್ನು ಒಂದು ಮಾತು ಕೇಳಿಯೇ ಪೊಟ್ಟಣ ಬಿಚ್ಚಿ. ಬೇರಿನ ಬ್ಯಾಕ್ಟೀರಿಯಗಳಿಗೆ, ಬೇರುಬೂಷ್ಟಿಗೆ ಈ ಅಂಜಿಕೆ ಇಲ್ಲ. ಅವು ಹುಳುವಿನ ಮೈ ಕೊರೆಯುವ ಬೂಷ್ಟಿನ ಜಾತಿಯವಲ್ಲ.

ತೆಂಗಿನವರಿಗೆ ಒಂದು ಮಾತು ಉಳಿದಿದೆ. ಕೊಂಬಿನ ದುಂಬಿಯ ಮರಿ ಬೆಳೆಯುವುದು ನಮ್ಮ ತಿಪ್ಪೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಸಮೋವಾದಲ್ಲಿ ರಾಶಿ ಬೇರೆಯಾಗಿ ಒಟ್ಟಬೇಕಾಯಿತು. ನಮ್ಮಲ್ಲಿ ಅದು ಹಿತ್ತಲಲ್ಲೇ ಇದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಮೆಟಾರೈಜಿಯಮ್ಮನ್ನು ಗೊಬ್ಬರದ ಗುಂಡಿಗೇ ಹಾಕಲು ಹೇಳುತ್ತಾರೆ. ಗುಂಡಿ ಕೆದಕುವಾಗ ಮೈಮೇಲೆ ಹಸುರು ಬೂಷ್ಟು ಹೊತ್ತು ಗಟ್ಟಿಯಾಗಿ ಸತ್ತ ಗೊಣ್ಣೆಹುಳು ಸಿಕ್ಕಿದರೆ, ಅಸಹ್ಯಪಟ್ಟು ಹೊರಗೆ ಎಸೆಯಬೇಡಿ. ಸನಿಕೆಯಿಂದ ಪುಡಿಮಾಡಿ ಅಲ್ಲೇ ಗೊಬ್ಬರದೊಳಗೆ ಬೆರೆಸಿ, ಒಂದು ಚೊಂಬು ನೀರು ಚಿಮುಕಿಸಿ, ಕೈ ತೊಳೆದುಕೊಂಡು ಮನೆಯೊಳಕ್ಕೆ ಹೋಗಿ.